ಹಳೇ ಅಂಗಡಿ ಟೋಕನ್ ಗುಜರಿಗೆ ಹಾಕ್ಬೇಡಿ

ಸಂಪಾದಕರಿಗೆ ನಮಸ್ಕಾರ,

ಹದಿನೆಂಟು ವರ್ಷದಿಂದ ನಾನು ಅಮೆರಿಕದ ಹಳೇ ವ್ಯಾಪಾರಿ ಟೋಕನ್ ಕೂಡಿಸ್ತಾ ಇದೀನಿ. ದಾವಣಗೆರೆಲಿ ಇದು ಗೊತ್ತಾದೋರೆಲ್ಲ ಮೊದ್ಲು ಕೇಳೋದು "ಒಂದಕ್ಕೆ ಎಷ್ಟು ಲಕ್ಷ ಬರುತ್ತೆ ಸಾರ್" ಅಂತಾನೇ. ಹಳೇ ನೋಟು ಕೊಟ್ಟು ಲಕ್ಷ ತಗೊಳ್ಳಿ ಅನ್ನೋ ಮೋಸದ ಮೆಸೇಜ್ ಮೊಬೈಲಿಗೆ ಬಂದೂ ಬಂದೂ ಜನಕ್ಕೆ ಹಳೇ ಬಿಲ್ಲೆ ಅಂದ್ರೆ ಒಂದೋ ಲಾಟರಿ, ಇಲ್ಲಾಂದ್ರೆ ಗುಜರಿ ಅನ್ನೋ ಹಾಗಾಗಿದೆ, ಅದಕ್ಕೇ ಈ ಪತ್ರ ಬರೀತಿದೀನಿ.

ಈ ಟೋಕನ್ ಸರ್ಕಾರದ ನಾಣ್ಯ ಅಲ್ಲ. ಅಂಗಡಿಯೋರೇ ತಮ್ಮ ಹೆಸರಲ್ಲಿ ಹೊಡೆಸಿ ಚಲಾವಣೆಗೆ ಬಿಟ್ಟಿದ್ದ ತಾಮ್ರದ ಬಿಲ್ಲೆ. ನಮ್ಮಲ್ಲಿ ಚಿಲ್ಲರೆ ಇಲ್ಲ ಚಾಕ್ಲೇಟ್ ತಗೊಳ್ಳಿ ಅಂತಾರಲ್ಲ, ಹೆಚ್ಚುಕಮ್ಮಿ ಅದೇ ಕಥೆ. ನನ್ನ ಹತ್ರ ಇರೋದ್ರಲ್ಲಿ ನಂಗೆ ಜೀವ ಅಂದ್ರೆ 1794ರ ಟಾಲ್ಬಟ್, ಆಲಮ್ ಅಂಡ್ ಲೀ ಟೋಕನ್, ಇವ್ರು ನ್ಯೂಯಾರ್ಕಿನ ಪರ್ಲ್ ಸ್ಟ್ರೀಟಲ್ಲಿ ಅಂಗಡಿ ಇಟ್ಕೊಂಡು ನಮ್ಮ ಇಂಡಿಯಾ ಜೊತೆ ವ್ಯಾಪಾರ ಮಾಡ್ತಿದ್ದೋರು, ಬಿಲ್ಲೆ ಹೊಡೆಸಿದ್ದು ಮಾತ್ರ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಲ್ಲಿ. ಒಂದು ಕಡೆ ಹಡಗು, ಇನ್ನೊಂದು ಕಡೆ ಸರಕಿನ ಮೂಟೆ ಪಕ್ಕ ನಿಂತ ಹೆಂಗಸು. ಅಂಚು ತಿರುಗಿಸಿ ಲೆನ್ಸ್ ಹಿಡಿದ್ರೆ 'ಪೇಯಬಲ್ ಅಟ್ ದ ಸ್ಟೋರ್ ಆಫ್' ಅಂತ ಸಣ್ಣಕ್ಷರ, ಅಂದ್ರೆ ನಮ್ಮ ಅಂಗಡಿಗೆ ತನ್ನಿ ದುಡ್ಡು ಕೊಡ್ತೀವಿ ಅಂತ ಮಾತು ಕೊಟ್ಟಿದ್ದು. ಹತ್ತಿ ಮೂಟೆ ನೋಡ್ಕೊಂಡೇ ಬೆಳೆದ ಈ ಊರಿನೋನಿಗೆ ಆ ಮೂಟೆ ನೋಡಿದ್ರೆ ಕರುಳು ಚುರ್ ಅನ್ನುತ್ತೆ.

ಮುಂದಿನ ವರ್ಷನೇ, 1795ರಲ್ಲಿ, ತಾಮ್ರ ಸಾಲದೆ ಫಿಲಡೆಲ್ಫಿಯಾದ ಸರ್ಕಾರಿ ಟಂಕಸಾಲೆಯೋರು ಇದೇ ಟೋಕನ್ನುಗಳನ್ನ ರಾಶಿಗಟ್ಲೆ ಕೊಂಡು, ಕತ್ತರಿಸಿ, ಮೇಲೆ ಅರ್ಧ ಸೆಂಟಿನ ಅಚ್ಚು ಹೊಡೆದ್ರು. 1795, 1797ರ ಕೆಲವು ಅರ್ಧ ಸೆಂಟಲ್ಲಿ ಆ ಅಂಗಡಿಯೋರ ಅಕ್ಷರ ಇವತ್ತಿಗೂ ಕೆಳಗಿಂದ ಇಣುಕುತ್ತೆ. ಅಂಥ ಒಂದನ್ನ ಫೋಟೋದಲ್ಲಿ ನೋಡಿದೀನಿ ಅಷ್ಟೇ.

ಆಮೇಲೆ 1837ರಲ್ಲಿ ಬ್ಯಾಂಕುಗಳು ನೋಟಿಗೆ ಬೆಳ್ಳಿ ಬಂಗಾರ ಕೊಡಲ್ಲ ಅಂದ್ಬಿಟ್ಟಾಗ ಜನ ನಾಣ್ಯ ಎಲ್ಲಾ ಬಚ್ಚಿಟ್ರು, ಮತ್ತೆ ಟೋಕನ್ ಮಳೆ. ಖೋಟಾ ನಾಣ್ಯ ಅನ್ನಿಸ್ಬಾರ್ದು ಅಂತ ಕೆಲವು ಬಿಲ್ಲೇಲಿ 'ನಾಟ್ ಒನ್ ಸೆಂಟ್' ಅಂತಾನೂ ಹಾಕ್ತಿದ್ರು. ಅಂತರ್ಯುದ್ಧದ ಹೊತ್ತಲ್ಲೂ ಇದೇ ಆಗಿ, ಕೊನೆಗೆ 1864ರಲ್ಲಿ ಖಾಸಗಿ ನಾಣ್ಯ ಹೊಡೆಸಂಗಿಲ್ಲ ಅಂತ ಕಾನೂನೇ ಬಂತು.

ಶುರುನಲ್ಲಿ ನಾನೂ ಒಂದು ತಪ್ಪು ಮಾಡಿದೆ. 1837ರದೊಂದು ಟೋಕನ್ ಕಪ್ಪಾಗಿದೆ ಅಂತ ದೇವರ ತಂಬಿಗೆ ತಿಕ್ಕೋ ಥರ ಹುಣಸೆಹಣ್ಣು ಹಾಕಿ ತಿಕ್ಕಿದೆ. ಫಳಫಳ ಹೊಳೀತು, ಆದ್ರೆ ನೂರೆಪ್ಪತ್ತು ಚಿಲ್ಲರೆ ವರ್ಷದಲ್ಲಿ ಕೂತಿದ್ದ ಕಂದು ಬಣ್ಣ ಎರಡೇ ನಿಮಿಷಕ್ಕೆ ಹೋಯ್ತು, ಇನ್ನು ವಾಪಸ್ ಬರಲ್ಲ. ಮನೇಲಿ ಹಳೇ ಬಿಲ್ಲೆ ಇದ್ರೆ ದಯವಿಟ್ಟು ತಿಕ್ಕಬೇಡಿ.

ನನ್ನ ಕಳಕಳಿ ಇರೋದು ನಮ್ಮೂರಿನ ಬಿಲ್ಲೆಗಳ ಬಗ್ಗೆ. ಅಮೆರಿಕದಲ್ಲಿ ಲೈಮನ್ ಲೋ ಅನ್ನೋರು ನೂರು ವರ್ಷಕ್ಕೂ ಹಿಂದೆನೇ 1830ರ ದಶಕದ ಟೋಕನ್ನುಗಳನ್ನ ಒಂದೊಂದಾಗಿ ಪಟ್ಟಿ ಮಾಡಿ ನಂಬರ್ ಕೊಟ್ರು, ಸಂಗ್ರಹಕಾರರು ಈಗಲೂ ಲೋ ನಂಬರ್ ಹೇಳೇ ಮಾತಾಡ್ತಾರೆ. ಚಿತ್ರದುರ್ಗದ ಚಂದ್ರವಳ್ಳಿಲಿ ರೋಮನ್ ಬೆಳ್ಳಿ ನಾಣ್ಯ, ಶಾತವಾಹನರ ಕಾಲದ ಸೀಸದ ನಾಣ್ಯ ಸಿಕ್ಕಿದ್ದನ್ನ ನಾವು ಹೆಮ್ಮೆಯಿಂದ ಹೇಳ್ತೀವಿ, ಸರಿನೇ, ಆದ್ರೆ ನಮ್ಮಜ್ಜ ಕಾಫಿ ಕುಡಿದ ಹೋಟ್ಲಿನ ಹಿತ್ತಾಳೆ ಟೋಕನ್, ಮಿಲ್ಲಿನ ಗೇಟಲ್ಲಿ ಕೊಡ್ತಿದ್ದ ನಂಬರ್ ಬಿಲ್ಲೆ, ಇವನ್ನ ಯಾರು ಬರೆದಿಟ್ಟಿದಾರೆ? ಕಿಲೋ ಲೆಕ್ಕದಲ್ಲಿ ಕರಗಿ ಹೋಗ್ತಿದಾವೆ.

ಹೋದ ತಿಂಗಳು ಹಳೇ ಪೇಟೆ ಹತ್ರ ಗುಜರಿ ಅಂಗಡಿ ತಕ್ಕಡೀಲಿ ನಂಗೊಂದು ಸಿಕ್ತು. ಎಂಟಾಣೆ ಅಗಲದ ಹಿತ್ತಾಳೆ ಬಿಲ್ಲೆ, ಮೇಲೊಂದು ತೂತು, ನಡುವೆ ಲೋಟದ ಚಿತ್ರ, ಕೆಳಗೆ 47. ಸುತ್ತ ಇದ್ದ ಹೋಟ್ಲಿನ ಹೆಸರು ಸವೆದು 'ವಿಲಾಸ, ದಾವಣಗೆರೆ' ಅಷ್ಟೇ ಓದಕ್ಕಾಗುತ್ತೆ. ಇದು ಯಾವ ಹೋಟ್ಲು, ಯಾವ ಬೀದೀಲಿತ್ತು ಅಂತ ಹಿರಿಯರು ಯಾರಿಗಾದ್ರೂ ನೆನಪಿದ್ರೆ ಇದೇ ಅಂಕಣಕ್ಕೆ ಎರಡು ಸಾಲು ಬರೀರಿ, ನಾನು ಪ್ರತಿದಿನ ನೋಡ್ತಿರ್ತೀನಿ.

- ನಿಮ್ಮ ಓದುಗ, ದಾವಣಗೆರೆ