ಊರಿಂದ ಬಂದು ಚಿಯರ್ ಟೀಮ್ ಸೇರುವ ಮಕ್ಕಳ ವೀಸಾ

ಎಲ್ಲರಿಗೂ ನಮಸ್ಕಾರ. "ಅಕ್ಕನ ಮಗಳು ಬೆಂಗಳೂರಿಂದ ಬಂದು ಇಲ್ಲಿ ಅಮೆರಿಕದ ಚಿಯರ್ ಜಿಮ್ ಸೇರಬಹುದಾ?" ಅಂತ ಮತ್ತೆ ಮತ್ತೆ ಕೇಳುತ್ತಿದ್ದೀರಿ. ಚಿಯರ್ ಅಂದರೆ ಪಲ್ಟಿ, ಕುಣಿತ ಸೇರಿದ ತಂಡದ ಕ್ರೀಡೆ. ಅದಕ್ಕಾಗಿ ಬರುವುದು ಅಷ್ಟು ಸುಲಭವಿಲ್ಲ.

ಜಿಮ್ ಪತ್ರ ಕೊಟ್ಟ ಮಾತ್ರಕ್ಕೆ ವಿದ್ಯಾರ್ಥಿ ವೀಸಾ ಸಿಗುವುದಿಲ್ಲ. ಆ ವೀಸಾಗೆ (ಎಫ್-1) ಬೇಕಾದ ಐ-20 ಎಂಬ ಪ್ರವೇಶದ ದಾಖಲೆ ಕೊಡುವುದು ಸರ್ಕಾರದ ಅನುಮತಿ ಇರುವ ಶಾಲೆ, ಕಾಲೇಜು ಮಾತ್ರ. ಸರ್ಕಾರಿ ಹೈಸ್ಕೂಲಾದರೆ ಒಟ್ಟು 12 ತಿಂಗಳಷ್ಟೇ, ಓದಿನ ಪೂರ್ತಿ ಖರ್ಚೂ ನಿಮ್ಮದೇ. 8ನೇ ತರಗತಿವರೆಗಿನ ಸರ್ಕಾರಿ ಶಾಲೆಗೆ ಎಫ್-1 ಇಲ್ಲವೇ ಇಲ್ಲ.

ಬಿ-2 ಎಂಬ ಪ್ರವಾಸಿ ವೀಸಾದಲ್ಲಿ, ದುಡ್ಡು ಪಡೆಯದೆ ಹವ್ಯಾಸಕ್ಕೆ ಆಡುವವರು ಸ್ಪರ್ಧೆಗೆ ಬರಬಹುದು. ಆದರೆ ಸಾಮಾನ್ಯವಾಗಿ ಸಿಗುವುದು ಆರು ತಿಂಗಳು. ನಮ್ಮ ಸೀಸನ್ ಮೇ ತಿಂಗಳ ಟ್ರೈಔಟ್‌ನಿಂದ (ತಂಡದ ಆಯ್ಕೆ) ಮುಂದಿನ ಏಪ್ರಿಲ್‌ನ ಆರ್ಲ್ಯಾಂಡೊ ವರ್ಲ್ಡ್ಸ್ (ಚಿಯರ್ ವಿಶ್ವ ಸ್ಪರ್ಧೆ) ತನಕ. ಲೆಕ್ಕ ಕೂಡಲ್ಲ, ಅಲ್ವಾ? ಜೊತೆಗೆ ಆ ವೀಸಾದಲ್ಲಿ ಶಾಲೆಗೂ ಸೇರಿಸುವ ಹಾಗಿಲ್ಲ. ಕ್ರೀಡಾಪಟುಗಳ ಪಿ-1 ವೀಸಾ ಇರುವುದು ಅಂತರರಾಷ್ಟ್ರೀಯ ಮಟ್ಟದಲ್ಲಿ ಹೆಸರು ಮಾಡಿದವರಿಗೆ. ಈಗಷ್ಟೇ ಪಲ್ಟಿ ಕಲಿತವರು ಸುಮ್ನೆ ಆ ಆಸೆ ಬೇಡ.

ಎಚ್-4ರಲ್ಲಿ, ಅಂದರೆ ಅಪ್ಪ ಅಥವಾ ಅಮ್ಮನ ಕೆಲಸದ ವೀಸಾದ ಆಧಾರದಲ್ಲಿ ಇಲ್ಲಿರುವ ನಮ್ಮ ಮಕ್ಕಳು ಶಾಲೆಗೂ ಹೋಗಬಹುದು, ಜಿಮ್‌ಗೂ ಸೇರಬಹುದು. ಆದರೆ 21 ತುಂಬಿದರೆ ಆ ವೀಸಾ ಮುಗಿಯಿತು. ಮತ್ತೆ, ಚಿಕ್ಕವರಿಗೆ ಕಲಿಸಿ ಸಂಬಳ ತಗೊಳ್ಳುವಂತಿಲ್ಲ, ಬರೀ ಶನಿವಾರದ ಕ್ಲಾಸಾದರೂ ಸರಿ.

ಸೀಸನ್ ಫೀ ಕಟ್ಟುವ ಮೊದಲು ವಲಸೆ ವಕೀಲರನ್ನು ಕೇಳಿ. ದಯವಿಟ್ಟು ಮಕ್ಕಳ ಪಾಸ್‌ಪೋರ್ಟ್ ಫೋಟೊ ಗುಂಪಿಗೆ ಹಾಕಬೇಡಿ.