ಪೋಷಕರಿಗೆ ಹೆಡ್ ಮಿಸ್ ಪತ್ರ: ರಜೆ ವಿಷಯ, ಜೊತೆಗೆ ಇನ್ನೊಂದು ವಿಷಯ

ಎಲ್ಲ ಪೋಷಕರಿಗೂ ನಮ್ಮ ಸ್ಕೂಲಿನ ಸಮಿತಿ ಎಸ್‌ಡಿಎಂಸಿಯವರಿಗೂ ನಮಸ್ಕಾರ.

ನನಗೆ ಬ್ರೆಸ್ಟ್ ಕ್ಯಾನ್ಸರ್ ಆಗಿರೋದು ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತಾಗಿದೆ, ಗೊತ್ತಿಲ್ಲದವರಿಗೆ ಈಗ ನಾನೇ ಹೇಳ್ತಿದೀನಿ. ಆಪರೇಷನ್ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಆಯ್ತು, ಕೀಮೋ ಇಲ್ಲೇ ದಾವಣಗೆರೆಯಲ್ಲಿ ತಗೊಂಡೆ, ಇನ್ನು ರೇಡಿಯೇಷನ್ ಬಾಕಿ ಇದೆ, ಅದು ವಾರಕ್ಕೆ 5 ದಿನದಂತೆ ಕೆಲವು ವಾರ ನಡೆಯುತ್ತೆ, ಹಾಗಾಗಿ ಮತ್ತೆ ರಜೆ ಹಾಕ್ಬೇಕು. ಬರೀ ರಜೆ ವಿಷಯ ಬರೆದು ಸಹಿ ಹಾಕೋಕೆ ಮನಸ್ಸು ಬರ್ತಿಲ್ಲ. ನೀವೆಲ್ಲ ನನಗೆ ಏನು ಮಾಡಿದ್ರಿ ಅಂತ ನಿಮಗೆ ಗೊತ್ತಾಗ್ಬೇಕು.

ಕೀಮೋದಲ್ಲಿ ಒಂದು ಕೆಂಪು ಔಷಧಿ ಕೊಡ್ತಾರೆ, ಅದನ್ನ ನೋಡಿದ್ರೇನೇ ಹೊಟ್ಟೆ ತೊಳಸೋಕೆ ಶುರುವಾಗೋದು. ಬಾಯೆಲ್ಲ ಹುಣ್ಣು, ಸಾರಿನ ಒಗ್ಗರಣೆ ವಾಸನೆ ಬಂದ್ರೆ ವಾಂತಿ, ನೀರು ಕುಡಿದ್ರೂ ತಗಡು ನೆಕ್ಕಿದಂಗೆ. ಆ ಟೈಮಲ್ಲಿ ನಾಲ್ಕನೇ ಕ್ಲಾಸಿನ ಒಂದು ಹುಡುಗಿಯ ತಾಯಿ, ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡೋರು, ಕೆಲಸ ಮುಗಿಸಿ ಸೀದಾ ನಮ್ಮನೆಗೆ ಬಂದ್ರು. ಸೆರಗಿನ ಮೇಲೆ ಭಟ್ಟಿ ಧೂಳು ಇನ್ನೂ ಹಾಗೇ ಇತ್ತು, ಕೈಯಲ್ಲಿ ಒಂದು ಚೀಲ ಮಂಡಕ್ಕಿ, ಮುಟ್ಟಿದ್ರೆ ಇನ್ನೂ ಬೆಚ್ಚಗಿತ್ತು. "ಒಗ್ಗರಣೆ ಹಾಕ್ಬ್ಯಾಡ್ರಿ ಮೇಡಮ್ಮೋರೆ, ಖಾರನೂ ಬ್ಯಾಡ, ಬರೇ ಹಂಗೇ ಬಾಯಾಗೆ ಇಟ್ಕಳ್ರಿ, ಕರಗ್ತೈತೆ" ಅಂದ್ರು. ಯಾವ ಸ್ಟೇಜು, ಡಾಕ್ಟರ್ ಏನಂದ್ರು, ಒಂದೂ ಕೇಳ್ಲಿಲ್ಲ. ಮಗಳು ಏಳರ ಮಗ್ಗಿಯಲ್ಲಿ ಯಾವಾಗ್ಲೂ ಏಳೆಂಟ್ಲಿ ಹತ್ರ ತಡವರಿಸ್ತಾಳೆ, ಏನ್ಮಾಡೋದು ಅಂತ ಕೇಳಿದ್ರು. ನಾನು ಒಂದೊಂದೇ ಮಂಡಕ್ಕಿ ಬಾಯಿಗೆ ಹಾಕ್ಕೊಂಡು ಮಗ್ಗಿ ಹೇಗೆ ಕೂರಿಸ್ಬೇಕು ಅಂತ ಹೇಳ್ತಾ ಕೂತೆ, ಎಷ್ಟೋ ದಿನದ ಮೇಲೆ ಯಾರೋ ನನ್ನ ಹತ್ರ ನನ್ನ ಕೆಲಸದ ಮಾತಾಡಿದ್ರು, ಅವರು ಹೋಗೋವರೆಗೂ ವಾಂತಿ ನೆನಪೇ ಆಗ್ಲಿಲ್ಲ.

ಹಿಮೋಗ್ಲೋಬಿನ್ ಇಳಿದು ರಕ್ತ ಬೇಕಾದಾಗ ಪೇಂಟಿಂಗ್ ಕೆಲಸ ಮಾಡೋ ತಂದೆಯೊಬ್ರು ಕೈಗೆ ಸುಣ್ಣ ಹತ್ತಿದ್ದಂಗೇ ಬ್ಲಡ್ ಬ್ಯಾಂಕಿಗೆ ಓಡಿ ಬಂದಿದ್ರು. ನೆಗಡಿ ಇದ್ದವರು ಒಳಗೆ ಬರದೆ ಗೇಟ್ ಹತ್ರನೇ ನಿಂತು ಕೂಗಿ ಮಾತಾಡ್ಸಿ ಹೋದ್ರು, ಕೀಮೋದಲ್ಲಿ ಬಿಳಿ ರಕ್ತಕಣ ಕಮ್ಮಿ ಆಗಿರುತ್ತೆ, ಸಣ್ಣ ಜ್ವರ ಬಂದ್ರೂ ಆಸ್ಪತ್ರೆಗೆ ಓಡ್ಬೇಕು ಅಂತ ಯಾರೋ ಅವರಿಗೆ ಹೇಳಿದ್ರಂತೆ. ಬಿಸಿಯೂಟದ ಅಕ್ಕ ದಿನಾ ಮಜ್ಜಿಗೆ ಕಳಿಸೋರು. ಇದೆಲ್ಲ ನನ್ನ ಎಷ್ಟು ಹಿಡಿದು ನಿಲ್ಲಿಸ್ತು ಅಂತ ಹೇಳೋಕೆ ಈ ಹಾಳೆ ಸಾಲಲ್ಲ.

ಈಗ ನಾನು ಹೇಳ್ಬೇಕು ಅಂತಿರೋ ಇನ್ನೊಂದು ವಿಷಯ. ಕಿದ್ವಾಯಿಯಲ್ಲಿ ನನ್ನ ಪಕ್ಕದ ಬೆಡ್‌ನಲ್ಲಿ ಚಳ್ಳಕೆರೆ ಕಡೆಯ ಒಬ್ಬ ತಾಯಿ ಇದ್ರು, ನನಗಿಂತ ಚಿಕ್ಕವರು. ಊರಲ್ಲಿ ಯಾರಿಗೂ ಹೇಳಿಲ್ಲ, ತಮ್ಮನ ಮನೆಗೆ ಹೋಗಿದಾಳೆ ಅಂತ ಹೇಳಿ ಬಂದಿದಾರೆ, ಯಾಕಂದ್ರೆ ಮಗಳ ಮದುವೆ ಆಗ್ಬೇಕಲ್ಲ, ತಾಯಿಗೆ ಕ್ಯಾನ್ಸರ್ ಅಂದ್ರೆ ಯಾರು ಬರ್ತಾರೆ ಅಂತ. ಫೋನ್ ಬಂದಾಗೆಲ್ಲ ಹೊರಗೆ ಹೋಗಿ ದನಿ ಸರಿ ಮಾಡ್ಕೊಂಡು ಮಾತಾಡೋರು. ನನ್ನ ನೋಡೋಕೆ ಜನ ಬರ್ತಿದ್ರೆ ಅವರು ಆ ಕಡೆ ಮುಖ ಮಾಡಿ ಮಲಗ್ತಿದ್ರು. ಒಳ್ಳೆ ಜನ ಅವರ ಊರಲ್ಲೂ ಇರ್ತಾರೆ, ಆದ್ರೆ ಗೊತ್ತೇ ಇಲ್ಲದಿದ್ರೆ ಯಾರು ಮಂಡಕ್ಕಿ ತಗೊಂಡು ಬರ್ಬೇಕು? ನಾನು ಹೆಡ್ ಮಿಸ್, ನನ್ನ ವಿಷಯ ಮುಚ್ಚಿಡೋಕೆ ಆಗ್ಲಿಲ್ಲ, ಮುಚ್ಚಿಡದೇ ಇದ್ದಿದ್ದಕ್ಕೇ ನೀವೆಲ್ಲ ಬಂದ್ರಿ.

ನಮ್ಮ ಸ್ಕೂಲಿನ ಮನೆಗಳಲ್ಲೂ ಡಯಾಲಿಸಿಸ್, ಕ್ಯಾನ್ಸರ್, ಹಾರ್ಟ್ ಆಪರೇಷನ್ ಅಂತ ಒದ್ದಾಡ್ತಿರೋರು ಇದಾರೆ, ಅವರ ಮಕ್ಕಳು ಕ್ಲಾಸಲ್ಲಿ ಸುಮ್ಮನೆ ಕೂತಿರ್ತಾವೆ. ಅಂಥ ಮನೆಗೆ ನನಗೆ ಮಾಡಿದ್ದನ್ನೇ ಮಾಡಿ ಅಂತ ಕೈ ಮುಗಿದು ಕೇಳ್ತೀನಿ. "ನಿಮಗ್ಯಾಕೆ ಬಂತು, ಯಾವ ಕರ್ಮ" ಅನ್ನೋ ಮಾತು ಮಾತ್ರ ಬೇಡ, ಯೂಟ್ಯೂಬ್‌ನಲ್ಲಿ ನೋಡಿದ ಕಷಾಯನೂ ಬೇಡ. ಅವರ ಮಗುನ ನಿಮ್ಮ ಮಗುವಿನ ಜೊತೆ ಸ್ಕೂಲಿಗೆ ಕರ್ಕೊಂಡು ಬನ್ನಿ, ಸಂಜೆ ಒಂದು ಹೊತ್ತು ಊಟ ಹಾಕಿ, ಅದು ಬಹಳ ದೊಡ್ಡದು. ಮಕ್ಕಳು "ಮಿಸ್ ಕೂದ್ಲು ಯಾಕೆ ಹೋಯ್ತು" ಅಂತ ಕೇಳಿದ್ರೆ ಗದರಿಸ್ಬೇಡಿ, ಔಷಧಿಯಿಂದ ಉದುರಿದೆ, ಮತ್ತೆ ಬರುತ್ತೆ, ಈ ಕಾಯಿಲೆ ಮುಟ್ಟಿದ್ರೆ ಹರಡಲ್ಲ ಅಂತ ಇದ್ದಂಗೇ ಹೇಳಿ.

ಖರ್ಚಿನ ಭಯಕ್ಕೇ ಆಸ್ಪತ್ರೆಗೆ ಹೋಗದವರು ಇದಾರೆ. ಬಿಪಿಎಲ್ ಕಾರ್ಡ್ ಇದ್ದವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಅನ್ನೋ ಸರ್ಕಾರಿ ಯೋಜನೆಯಲ್ಲಿ ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಖರ್ಚು ಸಿಗುತ್ತೆ. ಕ್ಯಾನ್ಸರ್ ಪೇಶೆಂಟ್ ಚಿಕಿತ್ಸೆಗೆ ಅಂತ ಹೋಗೋವಾಗ ರೈಲಿನಲ್ಲಿ ರಿಯಾಯಿತಿ ಇದೆ, ಜೊತೆಗೆ ಹೋಗೋರಿಗೂ ಇದೆ, ಆಸ್ಪತ್ರೆಯಿಂದ ಸರ್ಟಿಫಿಕೇಟ್ ಬರೆಸ್ಕೋಬೇಕು. ಫಾರಂ ತುಂಬೋಕೆ ಬರಲ್ಲ ಅಂದ್ರೆ ನಮ್ಮ ಆಫೀಸ್ ರೂಮಿಗೆ ಬನ್ನಿ, ತುಂಬಿ ಕೊಡ್ತೀವಿ. ತಾಯಂದಿರೇ, 30 ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಸ್ತನ ಪರೀಕ್ಷೆ ಮಾಡ್ತಾರೆ, ಆಶಾ ಕಾರ್ಯಕರ್ತೆಯರನ್ನ ಕೇಳಿ, ದಯವಿಟ್ಟು ನಾಳೆ ನಾಡಿದ್ದು ಅಂತ ಮುಂದೆ ಹಾಕ್ಬೇಡಿ. ಗಂಟು ನೋವಿಲ್ಲ ಅಂತ ಸುಮ್ಮನಿರೋದಂತೂ ಬೇಡವೇ ಬೇಡ, ಬಹಳ ಸಲ ಅದು ನೋಯೋದೇ ಇಲ್ಲ.

ನಾನು ಇಲ್ಲದಾಗ ಟಿಸಿ, ಸ್ಕಾಲರ್‌ಶಿಪ್, ಹಾಜರಾತಿ ಏನಿದ್ರೂ ಸೀನಿಯರ್ ಮಿಸ್ ನೋಡ್ಕೊಳ್ತಾರೆ. ಶನಿವಾರ ಬೆಳಿಗ್ಗೆ ಕ್ಲಾಸ್ ಬಿಟ್ಟ ಮೇಲೆ ಪೋಷಕರ ಸಭೆ ಇದೆ, ನಾನೂ ಇರ್ತೀನಿ. ರಕ್ತ ಕೊಡೋಕೆ ಒಪ್ಪೋರು ಅವತ್ತು ಹೆಸರು, ಬ್ಲಡ್ ಗ್ರೂಪ್ ಬರೆಸಿ, 18 ವರ್ಷ ಆಗಿರ್ಬೇಕು, ತೂಕ 45 ಕೆಜಿಗಿಂತ ಕಮ್ಮಿ ಇರ್ಬಾರ್ದು. ಆ ಪಟ್ಟಿ ಸ್ಕೂಲಲ್ಲೇ ಇರುತ್ತೆ, ಯಾರ ಮನೆಯವರಿಗೆ ಯಾವಾಗ ರಕ್ತ ಬೇಕಾದ್ರೂ ಸ್ಕೂಲಿಗೆ ಬಂದು ಕೇಳ್ಬಹುದು.

ಇಂತಿ,
ನಿಮ್ಮ ಮಕ್ಕಳ ಹೆಡ್ ಮಿಸ್