ಭಾನುವಾರ ಅಲೈನ್‌ಮೆಂಟ್: ಗಾಡಿ ಇಳಿಸಿದವರು ಓದಿ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಬೆಳಿಗ್ಗೆ 8ಕ್ಕೆ ಬೇರೆ ಸ್ಪ್ರಿಂಗ್ ಹಾಕಿಸಿ ಸ್ವಿಫ್ಟ್, ಪೋಲೊ ಕಾರಿನ ಎತ್ತರ ಇಳಿಸಿದವರೆಲ್ಲ ಅಲೈನ್‌ಮೆಂಟ್ (ಚಕ್ರಗಳ ಕೋನ ಸರಿ ಮಾಡುವುದು) ಮಾಡಿಸಲು ನಮ್ಮ ಮಾಮೂಲಿ ಅಂಗಡಿ ಹತ್ತಿರ ಸೇರೋಣ. ಸ್ಪ್ರಿಂಗ್ ಹಾಕಿಸಿ ಒಂದೆರಡು ವಾರ ಓಡಿಸಿದವರು ಮಾತ್ರ ಬನ್ನಿ, ಹೊಸ ಸ್ಪ್ರಿಂಗ್ ಇನ್ನೂ ಸ್ವಲ್ಪ ಕೂರುತ್ತದೆ, ಅದಕ್ಕೆ ಮೊದಲೇ ಮಾಡಿಸಿದರೆ ದುಡ್ಡು ದಂಡ.

ನನ್ನ ಗಾಡಿಯ ಮುಂದಿನ ಟೈರ್ ಹೊರಗಿನಿಂದ ಹೊಸದರ ಹಾಗೇ ಇತ್ತು. ಸ್ಟೀರಿಂಗ್ ಪೂರ್ತಿ ತಿರುಗಿಸಿ ಒಳಗಿನ ಅಂಚಿಗೆ ಕೈ ಹಾಕಿದರೆ ಟೈರ್ ಸವೆದು ಹೊರಬಂದ ತಂತಿ ಚುಚ್ಚಿತು! ಇದಕ್ಕೆ ಎಲ್ಲರೂ ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರ ವಾಲಿರುವ ಕೋನ; ಮೇಲ್ಭಾಗ ಒಳಗೆ ವಾಲಿದರೆ ಮೈನಸ್) ಕಾರಣ ಅಂತಾರೆ, ಆದರೆ ಟೈರ್ ಬೇಗ ತಿನ್ನುವುದು ಜಾಸ್ತಿ ಟೋನೇ (ಮೇಲಿನಿಂದ ನೋಡಿದಾಗ ಚಕ್ರದ ಮುಂಭಾಗ ಒಳಗೋ ಹೊರಗೋ ತಿರುಗಿರುವುದು). ದಿನಾ ಓಡಿಸುವ ಗಾಡಿಗೆ ಮುಂದಿನ ಟೋ ಸೊನ್ನೆ ಹತ್ತಿರ ಇಡಿಸಿ. ಕ್ಯಾಂಬರ್ ಮೈನಸ್ 1ರಿಂದ 1.5 ಡಿಗ್ರಿ ಒಳಗಿದ್ದರೆ ಸಾಕು, ಎಡ ಬಲ ಸಮ ಇರಲಿ. ಹಿಂದೆ ಟಾರ್ಷನ್ ಬೀಮ್ (ಎರಡೂ ಹಿಂದಿನ ಚಕ್ರ ಜೋಡಿಸುವ ಒಂದೇ ತೊಲೆ) ಇರುವುದರಿಂದ ಅಲ್ಲಿ ತಿರುಗಿಸಲು ಏನೂ ಇಲ್ಲ, ಅಳತೆಯ ಅಂಕಿ ಮಾತ್ರ ಬರೆದುಕೊಳ್ಳಿ.

ಇನ್ನೂ ಇಳಿಸದವರಿಗೆ ಒಂದು ಮಾತು, ದಯವಿಟ್ಟು ಸ್ಪ್ರಿಂಗ್ ಕತ್ತರಿಸಬೇಡಿ, ಗಾಡಿ ಎತ್ತಿದಾಗ ಅದು ಜಾಗ ಬಿಟ್ಟು ಜಾರಬಹುದು. ಶಾಕ್ ಅಬ್ಸಾರ್ಬರ್ ಸೋರುತ್ತಿದ್ದರೆ ಮೊದಲು ಅದನ್ನು ಬದಲಿಸಿ. ಲೋವರ್ ಆರ್ಮ್ (ಚಕ್ರವನ್ನು ಗಾಡಿಗೆ ಹಿಡಿದಿಡುವ ಕೆಳಗಿನ ತೋಳು) ಬುಷ್ ಅಂದರೆ ರಬ್ಬರ್ ಕೀಲಿನ ಬೋಲ್ಟ್ ಗಾಡಿಯ ಭಾರ ಚಕ್ರದ ಮೇಲೆ ಬಿದ್ದ ಮೇಲೇ ಪೂರ್ತಿ ಬಿಗಿಸಲು ಹೇಳಿ, ಇಲ್ಲದಿದ್ದರೆ ಬುಷ್ ತಿರುಚಿಕೊಂಡು ಬೇಗ ಹರಿಯುತ್ತದೆ.

ಬರುವ ಮುಂಚೆ ಗಾಳಿ ಸರಿ ಮಾಡಿಸಿ, ಡಿಕ್ಕಿಯ ಸಾಮಾನು ತೆಗೆದಿಡಿ. ಬರುವವರು ಶುಕ್ರವಾರದೊಳಗೆ ಗಾಡಿ ಮಾಡೆಲ್, ಟೈರ್ ಸೈಜ್, ಎಷ್ಟು ಮಿಲಿಮೀಟರ್ ಇಳಿಸಿದ್ದೀರಿ ಅಂತ ಇಲ್ಲೇ ಹಾಕಿ. ಅಂಗಡಿಯವರಿಗೆ ಎಷ್ಟು ಗಾಡಿ ಅಂತ ಮೊದಲೇ ಹೇಳಬೇಕು.